ಕುಂಕುಮವಿಟ್ಟ ಗುರುತಿನ ಚೀಟಿ

ವಿಜಯದಶಮಿಯ ಮರುದಿನ, ಬೆಳಗ್ಗೆ ಒಂಬತ್ತೂ ಮುಕ್ಕಾಲು. ನಿವೃತ್ತಿಯ ನಂತರ ಎಂ.ಎ.ಗೆ ಸೇರಿದ ನಾನು ಚಾಮರಾಜಪೇಟೆಯ ಪರೀಕ್ಷಾ ಕೇಂದ್ರದಲ್ಲಿ ಸಾಲಿನ ಮೊದಲಿಗಳಾಗಿ ನಿಂತಿದ್ದೆ. ಹತ್ತಕ್ಕೆ ಬಾಗಿಲು ಮುಚ್ಚುತ್ತದೆ. ಪ್ರವೇಶದ ಯಂತ್ರವೋ, ನನ್ನ ವಿಶ್ವವಿದ್ಯಾಲಯದ ಗುರುತಿನ ಚೀಟಿಯನ್ನು ಒಪ್ಪಲೊಲ್ಲದು.

ಕಾವಲಿನ ಮಹಿಳೆ ಅದನ್ನು ತಿರುಗಿಸಿ ನೋಡಿದರು. "ಏನ್ ಮೇಡಂ, ಬಾರ್‌ಕೋಡ್ ಮೇಲೇ ಕುಂಕುಮ ಇಟ್ಬಿಟ್ಟಿದೀರಲ್ಲ!"

"ಆಯುಧಪೂಜೆ ಮಾಡಿದೆ. ವಿದ್ಯಾರ್ಥಿಗೆ ಇದೇ ಆಯುಧ," ಎಂದೆ ಬಿಗುವಾಗಿ.

"ಆಂಟಿ, ಗೇಟಿಗೊಂದು ಬೂದುಗುಂಬಳಕಾಯಿನೂ ಒಡೆದ್ಬಿಡಿ, ಬೇಗ ತೆಗೀಬಹುದು," ಎಂದಳು ಹಿಂದೆ ನಿಂತಿದ್ದ ಹುಡುಗಿ. ಸಾಲೆಲ್ಲ ನಕ್ಕಿತು.

ಕರವಸ್ತ್ರದಿಂದ ಚೀಟಿಯನ್ನು ಚೊಕ್ಕಟವಾಗಿ ಒರೆಸಿ ಮತ್ತೆ ಹಿಡಿದೆ. ಮತ್ತೆ ಕೆಂಪು ದೀಪ. ಕನ್ನಡಕ ಏರಿಸಿ ಬಗ್ಗಿ ನೋಡಿದರೆ, ಯಂತ್ರದ ಗಾಜಿನ ಮೇಲೂ ದುಂಡನೆಯ ಕುಂಕುಮ!

"ಇದನ್ನು ಇಟ್ಟವರು ಯಾರು?"

ಆಕೆ ನಾಲಗೆ ಕಚ್ಚಿಕೊಂಡರು. "ನಾನೇ ಮೇಡಂ. ನನ್ ಆಯುಧ ಇದೇ ಅಲ್ವಾ?"

"ಹಾಗಾದರೆ ಒರೆಸಿ."

"ಅಯ್ಯೋ, ಪೂಜೆ ಮಾಡಿರೋ ಕೈಯಲ್ಲಿ ನಾನು ಒರೆಸಲ್ಲಪ್ಪ. ನೀವು ದೊಡ್ಡೋರು, ನೀವೇ ಒರೆಸ್ಬಿಡಿ."

ಒರೆಸಿದೆ. ಹಸಿರು ದೀಪ ಹೊತ್ತಿತು. ಇನ್ನೂ ಐದು ನಿಮಿಷ ಉಳಿದಿತ್ತು.

ಬರುವ ವರ್ಷದಿಂದ ಗುರುತಿನ ಚೀಟಿಗೆ ಹೂವನ್ನು ಮಾತ್ರ ಏರಿಸುವುದೆಂದು ತೀರ್ಮಾನಿಸಿದೆ.