ನನ್ನ ಪರವಾಗಿಯೇ ಮಾತಾಡುತ್ತಿದ್ದವನು

ಈಸ್ಟರ್ ಕಳೆದಾಗಿನಿಂದ ಕ್ರಿಸ್‌ಮಸ್ ಹತ್ತಿರವಾಗುವವರೆಗೆ ನಾನು ದೇವರ ಜೊತೆ ಏಕಾಂತದಲ್ಲಿದ್ದೇನೆ ಅಂದುಕೊಂಡಿದ್ದೆ. ಸುಳ್ಳು. ಸೈತಾನನ ಜೊತೆ ಇದ್ದೆ. ನಡೆದದ್ದು ಅಷ್ಟೇ.

ನಾನು ಗುಬ್ಬಿಯಲ್ಲಿ ಬಾಳಿದವಳು. ಗಂಡ ತೀರಿಕೊಂಡ ಮೇಲೆ ಮಗಳು ತುಮಕೂರಿಗೆ, ಮರಳೂರಿನ ತನ್ನ ಬಾಡಿಗೆ ಮನೆಗೆ ಕರೆತಂದಳು. ಅವಳೂ ಅಳಿಯನೂ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನಾನು ಮತ್ತು ಫ್ರಿಜ್ಜಿನ ಸದ್ದು. ಇಲ್ಲಿಯ ಚರ್ಚಿಗೆ ಕೆಲವು ಭಾನುವಾರ ಹೋದೆ. “ಸ್ತೋತ್ರ ಅಮ್ಮಾ” ಅನ್ನುತ್ತಿದ್ದರು, ಗಾಡಿ ಹತ್ತಿ ಹೋಗುತ್ತಿದ್ದರು. ಯಾವೂರು ಅಂತ ಒಬ್ಬರೂ ಕೇಳಲಿಲ್ಲ.

ಆಗ ಶುರುವಾಯಿತು ಆ ಮಾತು. ಕಿವಿಗೆ ಕೇಳುವಂಥದ್ದಲ್ಲ. ಒಳಗಿನದು, ಬಲು ನಯವಾದದ್ದು. ‘ಮಂಡಿ ನೋವು ನಿನಗೆ. ಬಾಗಿಲು ಮುಚ್ಚಿಕೊಂಡು ಪ್ರಾರ್ಥನೆ ಮಾಡಿದರೂ ದೇವರಿಗೆ ಕೇಳುತ್ತೆ, ಬೈಬಲಿನಲ್ಲೇ ಇದೆಯಲ್ಲ.’ ಇದೆ, ನಿಜ. ನಾನು ಓದಿದ್ದು ಕಡಿಮೆ. ವಾಕ್ಯಗಳು ಅವನಿಗೆ ನನಗಿಂತ ಚೆನ್ನಾಗಿ ಬರುತ್ತವೆ.

ಹಾಗೆ ಆರಾಧನೆ ನೋಡುವ ಮೊಬೈಲೇ ನನ್ನ ಚರ್ಚು ಆಯಿತು. ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಸಂಸ್ಕಾರ ಭೋಜನದ ಭಾನುವಾರ ಒಂದು ಚೂರು ಬನ್ನು, ಒಂದು ಲೋಟದ ತಳದಲ್ಲಿ ದ್ರಾಕ್ಷಿ ರಸ ಇಟ್ಟುಕೊಂಡು ಮಂಚದ ಮೇಲೆ ಕೂರುತ್ತಿದ್ದೆ. ನುಂಗಿ, ಲೋಟ ತೊಳೆದಿಡುತ್ತಿದ್ದೆ. ಗುಬ್ಬಿಯಲ್ಲಿ ಹೀಗಿರಲಿಲ್ಲ. ಯಾರೊಡನಾದರೂ ಮುನಿಸಿದ್ದರೆ ಹಿಂದಿನ ದಿನವೇ ಹೋಗಿ ಮಾತಾಡಿ ಸರಿಮಾಡಿಕೊಳ್ಳಬೇಕು. ಇಲ್ಲದಿದ್ದರೆ ಸಂಸ್ಕಾರಕ್ಕೆ ಮಂಡಿಯೂರುವಂತಿಲ್ಲ. ಮರಳೂರಿನ ಆ ಕೋಣೆಯಲ್ಲಿ ಮುನಿಸಿಕೊಳ್ಳುವುದಕ್ಕೂ ಜನ ಇರಲಿಲ್ಲ. ಅದನ್ನೇ ಶಾಂತಿ ಅಂದುಕೊಂಡೆ.

ಗುಬ್ಬಿಯಲ್ಲಿ ನನ್ನ ಪಕ್ಕ ಕೂತು ಹಾಡುತ್ತಿದ್ದ ಗೆಳತಿ ಜಾರಿಬಿದ್ದು ಬಲಗೈ ಮುರಿದುಕೊಂಡು ಹೆಬ್ಬೂರಿನ ಮಗನ ಮನೆ ಸೇರಿದ್ದಳು. ಒಂದು ಸಂಜೆ ಫೋನ್ ಮಾಡಿದಳು.

“ಏನ್ಲೇ, ಬದುಕಿದ್ಯಾ?”

“ಇದೀನಿ ಕಣೇ. ದಿನಾ ನಿಂಗೋಸ್ಕರ ಪ್ರಾರ್ಥನೆ ಮಾಡ್ತೀನಿ.”

“ಅದು ಬುಡು, ಫೋನಲ್ಲೂ ಆಯ್ತದೆ. ತಲೆ ಬಾಚೋರಿಲ್ಲ ಕಣೇ ನಂಗೆ. ಸೊಸೆ ಪಾಪ ಹಾಲ್ ಕರೀತಾಳೆ, ಡೈರಿಗೆ ಓಡ್ತಾಳೆ. ಕೂದ್ಲೆಲ್ಲ ಗಂಟಾಗೋಗದೆ. ಹಿಂಗೇ ಸತ್ರೆ ಪರಲೋಕದಲ್ಲಿ ನನ್ ಗುರ್ತು ಹಿಡೀತೀಯಾ?”

“ಮಂಡಿ ನೋವು ಕಣೇ…”

“ನಾನೇನ್ ಬೆಟ್ಟ ಹತ್ತು ಅಂದ್ನಾ? ಬಸ್ ಹತ್ತೇ, ಮುದುಕಿ!”

ಫೋನ್ ಇಟ್ಟದ್ದೇ ತಡ, ಒಳಗಿನದು ಬಾಯಿ ತೆರೆಯಿತು. ‘ನೀನು ಬಿದ್ದಿದ್ದರೆ ಅವಳು ಬರುತ್ತಿದ್ದಳೇ? ಇಲ್ಲಿಂದಲೇ ಪ್ರಾರ್ಥಿಸು, ಸಾಕು.’

ಆಗ ಸಿಕ್ಕಿಬಿದ್ದ ಕಳ್ಳ. ಇಷ್ಟು ದಿನ ಈ ಮಾತು ಒಮ್ಮೆಯೂ ನನ್ನನ್ನು ಬೈದಿರಲಿಲ್ಲ. ಒಬ್ಬರ ಮನೆಗೂ ಹೋಗು ಅಂದಿರಲಿಲ್ಲ. ಸದಾ ನನ್ನ ಪರ. ಈ ವಯಸ್ಸಿನವರೆಗೆ ದೇವರು ಪೂರ್ತಿ ನನ್ನ ಪರವಾಗಿ ಮಾತಾಡಿದ್ದೇ ಇಲ್ಲ. ಬೈಯುತ್ತಾನೆ, ಆಮೇಲೆ ಒಂದು ಕೆಲಸಕ್ಕೆ ಹಚ್ಚುತ್ತಾನೆ.

“ತೊಲಗೋ ಆಚೆ!” ಅಂದೆ, ಗಟ್ಟಿಯಾಗಿ.

“ಯಾರಿಗಮ್ಮಾ?” ಅಂದಳು ಮಗಳು ಅಡುಗೆಮನೆಯಿಂದ.

“ನಿಂಗಲ್ಲ, ಸಾರು ನೋಡ್ಕೊ.”

ನಾನು ಹೇಳಿದ ಕೂಡಲೇ ಅವನೇನು ತೊಲಗಲಿಲ್ಲ. ಮರುದಿನ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದಾಗಲೂ ‘ಇಳಿದುಬಿಡು’ ಅನ್ನುತ್ತಲೇ ಇದ್ದ. ನಾನು ಹೆಬ್ಬೂರಿನಲ್ಲಿ ಇಳಿದೆ. ಗೆಳತಿಯನ್ನು ಜಗಲಿಯ ಬಿಸಿಲಿಗೆ ಕೂರಿಸಿ, ತಲೆಗೆ ಕೊಬ್ಬರಿ ಎಣ್ಣೆ ಸುರಿದು, ತುದಿಯಿಂದ ಸಿಕ್ಕು ಬಿಡಿಸತೊಡಗಿದೆ.

“ಅಯ್ಯಯ್ಯೋ! ಹಸು ಬಾಲ ಅನ್ಕೊಂಡ್ಯೇನೇ?” ಎಂದು ಕಿರುಚಿದಳು.

“ಸುಮ್ನೆ ಕೂತ್ಕೊಳೇ” ಅಂದು ಇನ್ನೊಂದು ಗಂಟಿಗೆ ಕೈ ಹಾಕಿದೆ.