ನಾಲ್ಕು ಪುಟದ ಪರಿಚಯ

ಇವತ್ತು ಬೆಳಿಗ್ಗೆ ಮಗಳಿಗೆ ಕೆಮ್ಮು. ಶುಂಠಿ ಜಜ್ಜಿ ನೀರಿಗೆ ಹಾಕಿ ಕುದಿಸಿ, ಲೋಟಕ್ಕೆ ಸೋಸಿ ಜೇನು ಬೆರೆಸಿದೆ. ಆ ಆವಿ ಮೂಗಿಗೆ ಬಡಿದದ್ದೇ ತಡ, ಅಮೆರಿಕದ ಜರ್ಮನ್‌ಟೌನಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ನೆನಪಾಗಿ ಮೈಯೆಲ್ಲ ಉರಿಯಿತು. ಆ ಮನೆಯಲ್ಲಿ ಮೂರು ಹೊತ್ತೂ ಇದೇ ವಾಸನೆ. ಅದೇ ಕಾರಣಕ್ಕೆ ಎರಡು ವರ್ಷದಿಂದ ನಾನು ಶುಂಠಿ ಕಷಾಯ ಮಾಡುವುದನ್ನೇ ಬಿಟ್ಟಿದ್ದೆ. ಕೆಮ್ಮು ಬಂದರೆ ಅಂಗಡಿಯ ಸಿರಪ್ಪು ತಂದು ಕುಡಿಸುತ್ತಿದ್ದೆ. ಇವತ್ತು ಸಿರಪ್ಪು ಖಾಲಿಯಾಗಿತ್ತು. ಕಷಾಯದ ಮೇಲೆ ಯಾರಾದರೂ ಮುನಿಸಿಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ನನ್ನ ಮುನಿಸು ಕಷಾಯದ ಮೇಲಲ್ಲ, ನಮ್ಮ ಕನ್ನಡ ಸಂಘದ ಮೇಲೆ. ಹಾಗೆಂದು ಎರಡು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಕೆಳಗಿನ ಮನೆಯಲ್ಲಿದ್ದವರು ಮಿಸ್ ಅರ್ಲೀನ್. ಸೌತ್ ಕ್ಯಾರೊಲೈನಾದ ಸಣ್ಣ ಊರೊಂದರಲ್ಲಿ ಹುಟ್ಟಿ ಬೆಳೆದ, ಎಂಬತ್ತರ ಹತ್ತಿರದ ಕಪ್ಪು ಹೆಂಗಸು. ಕೋವಿಡ್ಡಿನ ಮೊದಲ ವರ್ಷ ಎಲ್ಲರೂ ಮನೆಯೊಳಗೆ ಬಿದ್ದಿದ್ದಾಗ ನಮ್ಮ ಪರಿಚಯವಾದದ್ದು ಒಗ್ಗರಣೆಯಿಂದ. ನಾನು ಬಾಲ್ಕನಿಯ ಬಾಗಿಲು ತೆರೆದಿಟ್ಟು ಒಣಮೆಣಸಿನಕಾಯಿ ಹುರಿಯುತ್ತಿದ್ದೆ. ಕೆಳಗಿನಿಂದ ಕೆಮ್ಮು, ಅದರ ಹಿಂದೆಯೇ ಮಾತು: "ಬೇಬಿ, ಅದೇನು ಸುಡ್ತಾ ಇದೀಯೋ ನಂಗೊತ್ತಿಲ್ಲ. ಆದ್ರೆ ನನ್ನ ಗಂಟಲು ನಂಗಿನ್ನೂ ಬೇಕು." ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಮಾತ್ರ ನಮ್ಮ ಮೈಸೂರಿನ ದೊಡ್ಡಮ್ಮ ಗದರಿದ ಹಾಗೇ ಕೇಳಿತು. ಅಂದಿನಿಂದ ಮೆಣಸಿನಕಾಯಿ ಹುರಿಯುವ ಮುಂಚೆ ಬಗ್ಗಿ ನೋಡಿ ಹೇಳುತ್ತಿದ್ದೆ, ಅವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಅವರು ಯಾರೆಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಅಂಗಳದ ಎಲೆ ಗುಡಿಸುವ ನಡುವಯಸ್ಸಿನ ಕೆಲಸಗಾರನೊಬ್ಬ ಅವರ ಕಿಟಕಿಯ ಹತ್ತಿರ ಬಂದರೆ ಮೆಷೀನು ಆರಿಸಿ, ಟೋಪಿ ತೆಗೆದು ನಿಲ್ಲುತ್ತಿದ್ದ. ಏನಪ್ಪಾ ಇದು ಎಂದು ಕೇಳಿದರೆ, ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ. ಮಿಸ್ ಅರ್ಲೀನ್ ಒಂದು ಕಾಲಕ್ಕೆ ದೇಶವೆಲ್ಲ ಕೇಳಿದ, ಕಪ್ಪು ಜನರ ಸೋಲ್ ಸಂಗೀತದ ಗಾಯಕಿ. ಚರ್ಚಿನಲ್ಲಿ ಹಾಡಲು ಕಲಿತು, ಹತ್ತೊಂಬತ್ತಕ್ಕೆ ಅಟ್ಲಾಂಟಾಗೆ ಹೋಗಿ, ಇನ್ನೊಬ್ಬರ ಹಿಂದೆ ನಿಂತು ಹಾಡಿ, ಕೊನೆಗೆ ಮುಂದೆ ಬಂದವರು. ಅವರ ಮೊದಲ ರೆಕಾರ್ಡಿನ ಮೇಲೆ ಯಾರೋ ತೆಳ್ಳಗಿನ ಬೆಳ್ಳಗಿನ ಹುಡುಗಿಯ ಫೋಟೋ ಹಾಕಿದ್ದರಂತೆ. ಅವರ ಹಾಡಿಗೆ ಎದ್ದು ನಿಂತು ಚಪ್ಪಾಳೆ ಹೊಡೆದ ಊರುಗಳಲ್ಲೇ ಊಟದ ಹೋಟೆಲಿನವರು ಬಾಗಿಲು ತೆಗೆಯದಿದ್ದಾಗ ಇವರು ಬಸ್ಸಿನಲ್ಲಿ ಕೂತು ತಣ್ಣಗಿನ ಬ್ರೆಡ್ಡು ತಿಂದಿದ್ದರಂತೆ. ಆಮೇಲೆ ದೊಡ್ಡ ಪ್ರಶಸ್ತಿ ಬಂತು. ಅದು ಅವರ ಮನೆಯ ಕ್ಲಾಸೆಟ್ಟಿನಲ್ಲಿ ವ್ಯಾಕ್ಯೂಮ್ ಕ್ಲೀನರಿನ ಪಕ್ಕ ಇತ್ತು. ನಾನೇ ನೋಡಿದ್ದೇನೆ.

ಆಮೇಲೆ ಗಂಟಲು ಕೈಕೊಟ್ಟಿತು. ಎರಡು ಸಲ ಆಪರೇಷನ್. ದಿನಕ್ಕೆ ಅರ್ಧ ಗಂಟೆ ಮಾತ್ರ ಹಾಡಬಹುದು, ಅದೂ ನಿಧಾನವಾಗಿ ಹದಮಾಡಿಕೊಂಡ ಮೇಲೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಆ ಶುಂಠಿ, ಜೇನು. ಬೆಳಿಗ್ಗೆ ಒಂಬತ್ತಕ್ಕೆ ಬಾಯಿ ಮುಚ್ಚಿ ಗುಂಯ್‌ಗುಡುವ ಸದ್ದು ನಮ್ಮ ಅಡುಗೆಮನೆಯ ನೆಲದಿಂದ ಬರುತ್ತಿತ್ತು. ಅದರಾಚೆಗೆ ಏನೂ ಇಲ್ಲ. ಜನರ ಮುಂದೆ ಹಾಡಿ ಎಷ್ಟೋ ವರ್ಷವಾಗಿತ್ತು. ಒಬ್ಬೊಬ್ಬರೇ ಫೋನು ಮಾಡುವುದನ್ನು ಬಿಟ್ಟಿದ್ದರು.

ಇನ್ನು ನಮ್ಮ ಸಂಘ. ಕೋವಿಡ್ಡಿನ ನಂತರದ ಮೊದಲ ಸಭೆಗೆ ಯಾರನ್ನು ಕರೆಯುವುದು ಎಂದು ಜ಼ೂಮಿನಲ್ಲಿ ಎರಡು ಗಂಟೆ ಕೊರೆದು ಮುಗಿಯದಿದ್ದಾಗ, ಕಾರ್ಯಕ್ರಮದ ಜವಾಬ್ದಾರಿ ಹೊತ್ತಿದ್ದ ನಾನೇ ಮಿಸ್ ಅರ್ಲೀನ್ ಹೆಸರು ಹೇಳಿದೆ. ಅಧ್ಯಕ್ಷರಾದ ಶ್ರೀಕಂಠ ಅಂಕಲ್ ನಿವೃತ್ತ ವಿಜ್ಞಾನಿ, ಈ ದೇಶಕ್ಕೆ ನಮ್ಮೆಲ್ಲರಿಗಿಂತ ಮೊದಲು ಬಂದವರು, ಒಳ್ಳೆಯ ಮನುಷ್ಯ. ಮೈಕು ಸಿಕ್ಕರೆ ಬಿಡುವುದಿಲ್ಲ ಎನ್ನುವುದು ಬಿಟ್ಟರೆ ಅವರಲ್ಲಿ ದೋಷವಿಲ್ಲ. "ಸೋಲ್ ಅಂದ್ರೆ ಆತ್ಮ ತಾನೇ ಅಮ್ಮಾ? ಭಜನೆ ಆದ್ಮೇಲೆ ಸ್ಲಾಟ್ ಕೊಡೋಣ, ಚೆನ್ನಾಗಿ ಮ್ಯಾಚ್ ಆಗತ್ತೆ" ಅಂದರು. ನಾನು ತಲೆ ಚಚ್ಚಿಕೊಂಡು, ಸರಿ ಅಂಕಲ್ ಎಂದೆ.

ಕೆಳಗೆ ಹೋಗಿ ಕೇಳಿದ್ದಕ್ಕೆ ಮಿಸ್ ಅರ್ಲೀನ್ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ನಮ್ಮ ಮನೆಗೇ ಬಂದರು.

"ಇಪ್ಪತ್ತು ನಿಮಿಷ ಆದ್ರೆ ಹಾಡ್ತೀನಿ. ಆದ್ರೆ ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ, ಬೇಬಿ. ಈ ಗಂಟಲನ್ನ ಒಂದ್ಸಲ ಎಬ್ಬಿಸಿದ್ರೆ ಅದು ಯಾರಿಗೂ ಕಾಯೋದಿಲ್ಲ." ಆಮೇಲೆ "ಜನರ ಮುಂದೆ ಇನ್ನೊಂದ್ಸಲ ಆಗತ್ತಾ ಅಂತ ನೋಡ್ಬೇಕು. ಆಗದಿದ್ರೆ ಮುಗೀತು, ಮನೇಲೂ ನಿಲ್ಲಿಸಿಬಿಡ್ತೀನಿ" ಅಂದರು.

ನಾನು ಮಾತು ಕೊಟ್ಟೆ. ಕೊಟ್ಟದ್ದಲ್ಲದೆ, ಪರಿಚಯ ಭಾಷಣವನ್ನು ನಾನೇ ಬರೆಯುತ್ತೇನೆಂದು ಸಂಘಕ್ಕೆ ಹೇಳಿದೆ. ಲ್ಯಾಬಿನಲ್ಲಿ ದಿನವೆಲ್ಲ ಇಂಗ್ಲಿಷಿನಲ್ಲಿ ವರದಿ ಕುಟ್ಟುವ ನನ್ನಂಥವಳಿಗೆ ಕನ್ನಡ ಬರೆಯಲು ನೆಪ ಸಿಕ್ಕರೆ ಕೈ ನಿಲ್ಲುವುದಿಲ್ಲ. ಚರ್ಚು, ಅಟ್ಲಾಂಟಾ, ಬಸ್ಸು, ತಣ್ಣಗಿನ ಬ್ರೆಡ್ಡು, ಪ್ರಶಸ್ತಿ, ಎರಡು ಆಪರೇಷನ್, ಒಂದನ್ನೂ ಬಿಡಲಿಲ್ಲ. ನಾಲ್ಕು ಪುಟವಾಯಿತು. ಗಂಡ ಓದಿ, "ಉದ್ದ ಆಯ್ತೇನೋ ಕಣೇ" ಅಂದ. ಅವನಿಗೆ ಸಾಹಿತ್ಯ ತಿಳಿಯದೆಂದು ಸುಮ್ಮನಾದೆ.

ಆ ಶನಿವಾರ ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ ಸಂಜೆ ಆರಕ್ಕೆ ಖಾಲಿಯಾಗಬೇಕಿತ್ತು. ಒಂದಕ್ಕೆ ಶುರುವಾಗಬೇಕಾದದ್ದು ಎರಡಕ್ಕೆ ಶುರುವಾಯಿತು, ಬಿಸಿಬೇಳೆ ಬಾತಿನ ಕ್ಯೂ ಕರಗಲಿಲ್ಲವೆಂದು. ಹಿಂದಿನ ಅಧ್ಯಕ್ಷರು ಮಾತಾಡಿದರು, ಅದರ ಹಿಂದಿನ ಅಧ್ಯಕ್ಷರು ಮಾತಾಡಿದರು, ಮುಂದೆ ಅಧ್ಯಕ್ಷರಾಗಬೇಕೆಂದಿದ್ದವರೂ ಮಾತಾಡಿದರು. ಮಿಸ್ ಅರ್ಲೀನ್ ಮೂರೂವರೆಗೇ ಬಂದಿದ್ದರು, ನೀಲಿ ಗೌನು, ಕುತ್ತಿಗೆಗೆ ಮಫ್ಲರು. ವೇದಿಕೆಯ ಹಿಂದಿನ ಕ್ಲಾಸ್‌ರೂಮಿನಲ್ಲಿ ಮಕ್ಕಳ ಸಣ್ಣ ಕುರ್ಚಿಯ ಮೇಲೆ ಕೂತು ಗುಂಯ್‌ಗುಡುತ್ತಿದ್ದರು. ನಾಲ್ಕಾಯಿತು. ಐದಾಯಿತು. ಆಗಿನ್ನೂ ಒಂಬತ್ತು ವರ್ಷದ ನನ್ನ ಮಗಳು ದಿಶಾ ಓಡಿಬಂದಳು.

"ಅಮ್ಮಾ, ಶೀ ಸ್ಟಾಪ್ಡ್ ಹಮಿಂಗ್. ಮಿಸ್ ಅರ್ಲೀನ್ ಸುಮ್ನೆ ಕೂತಿದಾರೆ. ನೀನು ಫೋರ್ ಓ ಕ್ಲಾಕ್ ಅಂತ ಪ್ರಾಮಿಸ್ ಮಾಡಿದ್ಯಲ್ಲ?"

ನಾನು ಶ್ರೀಕಂಠ ಅಂಕಲ್ ಕಿವಿಯಲ್ಲಿ ಹೆಚ್ಚುಕಡಿಮೆ ಜಗಳವಾಡಿ, ಐದೂಕಾಲಿಗೆ ಮಿಸ್ ಅರ್ಲೀನ್‌ರನ್ನು ವೇದಿಕೆಗೆ ಕರೆಸಿದೆ. ಇನ್ನೂ ನಲವತ್ತೈದು ನಿಮಿಷ ಇತ್ತು. ಸಾಕು ಅಂದುಕೊಂಡೆ.

ಅಂಕಲ್ ನನ್ನ ನಾಲ್ಕು ಪುಟ ಹಿಡಿದು ನಿಂತರು. ಒಂದೊಂದು ಸಾಲಿಗೂ ತಮ್ಮದೊಂದು ಮಾತು ಸೇರಿಸುತ್ತ, ತಾವು ಓದಲು ಬಂದ ಕಾಲದಲ್ಲಿ ರೇಡಿಯೊದಲ್ಲಿ ಏನೇನು ಬರುತ್ತಿತ್ತೆಂದು ನೆನೆಸಿಕೊಳ್ಳುತ್ತ, ಸಾವಕಾಶವಾಗಿ ಓದಿದರು. ಮಿಸ್ ಅರ್ಲೀನ್ ಪಕ್ಕದಲ್ಲಿ ನಿಂತಿದ್ದರು. ತಮ್ಮ ಹೆಸರು ಬಂದಾಗಲೆಲ್ಲ ತಲೆ ಬಾಗಿಸುತ್ತಿದ್ದರು. ಅವರಿಗೆ ತಿಳಿಯುತ್ತಿದ್ದದ್ದು ಅದೊಂದೇ ಶಬ್ದ. ಐದೂ ನಲವತ್ತಕ್ಕೆ ಪರಿಚಯ ಮುಗಿಯಿತು. ಆಮೇಲೆ ಶಾಲು. ಆಮೇಲೆ ಮೈಸೂರು ಪೇಟ. ಹಣ್ಣಿನ ಬುಟ್ಟಿ, ಫಲಕ. ಆಮೇಲೆ ಸಮಿತಿಯ ಒಬ್ಬೊಬ್ಬರೂ ಪಕ್ಕ ನಿಂತು ಫೋಟೋ. ಶಾಲೆಯ ಕಾವಲಿನವನು ಬೀಗದ ಕೈ ಹಿಡಿದು ಬಾಗಿಲಿಗೆ ಬಂದ. ಮಿಸ್ ಅರ್ಲೀನ್ ಪೇಟ ತೆಗೆದು ನನ್ನ ಮಗಳ ಕೈಗೆ ಕೊಟ್ಟು, ಮಫ್ಲರು ಬಿಚ್ಚಿ, ಮೈಕಿನ ಕಡೆ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ನಿರೂಪಕಿ ಮೈಕು ಎತ್ತಿಕೊಂಡು, "ಸಮಯದ ಅಭಾವದಿಂದ ಈಗ ನೇರವಾಗಿ ವಂದನಾರ್ಪಣೆ" ಅಂದುಬಿಟ್ಟಳು.

ಮಿಸ್ ಅರ್ಲೀನ್‌ರನ್ನು ನನ್ನ ಕಾರಿನಲ್ಲೇ ಮನೆಗೆ ಕರೆತಂದೆ. ಹೈವೇ ಹತ್ತಿದ ಮೇಲೆ ಅವರೇ ಕೇಳಿದರು.

"ಆ ಯಜಮಾನರು ಅಷ್ಟು ಹೊತ್ತು ನನ್ನ ಬಗ್ಗೆ ಏನು ಓದಿದ್ರು?"

"ನೀವು ಎಷ್ಟು ಚೆನ್ನಾಗಿ ಹಾಡ್ತೀರಿ ಅಂತ."

"ಓ" ಅಂದರು.

ಮಾರನೆಯ ದಿನ ಒಂಬತ್ತಕ್ಕೆ ನಮ್ಮ ಅಡುಗೆಮನೆಯ ನೆಲ ಸುಮ್ಮನಿತ್ತು. ಅದರ ಮಾರನೆಯ ದಿನವೂ. ಎರಡು ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿ ರಾಲಿ ಎಂಬ ಊರಿನಲ್ಲಿದ್ದ ತಂಗಿಯ ಹತ್ತಿರ ಹೋದರು. ನಾನು ಸಂಘಕ್ಕೆ ರಾಜೀನಾಮೆ ಕೊಟ್ಟು, ಸಿಕ್ಕಸಿಕ್ಕವರ ಹತ್ತಿರ ಅಂಕಲ್‌ರನ್ನೂ ನಿರೂಪಕಿಯನ್ನೂ ಬಿಸಿಬೇಳೆ ಬಾತನ್ನೂ ಬೈದುಕೊಂಡು ತಿರುಗಿದೆ. ಯಾರಿಗೂ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಆ ದಿನ ಸಮಯ ನೋಡಿಕೊಳ್ಳುವ ಕೆಲಸ ನನ್ನದೇ. ಭಾಷಣ ನಿಲ್ಲಿಸಿ ಎಂದು ಬರೆದ ಕೆಂಪು ರಟ್ಟು ನನ್ನ ಕೈಯಲ್ಲೇ ಇತ್ತು. ಅದಕ್ಕೆ ಮುಂಚೆ ಮಾತಾಡಿದವರಿಗೆಲ್ಲ ಅದನ್ನು ತೋರಿಸಿ ಬೈಸಿಕೊಂಡಿದ್ದೆ. ಅಂಕಲ್ ಎರಡನೆಯ ಪುಟ ತಿರುಗಿಸಿದಾಗ ಎತ್ತಲು ಹೋದೆ. ಅಷ್ಟರಲ್ಲಿ ಬಸ್ಸು, ಬ್ರೆಡ್ಡಿನ ಸಾಲುಗಳಿಗೆ ಸಭೆ ಚಪ್ಪಾಳೆ ತಟ್ಟಿತು. ನನ್ನ ಸಾಲುಗಳು. ಮೂರನೆಯ ಪುಟ ಅದಕ್ಕಿಂತ ಚೆನ್ನಾಗಿದೆ ಎಂದು ನನಗೆ ಗೊತ್ತಿತ್ತು. ರಟ್ಟು ಎತ್ತಲಿಲ್ಲ.

ಇವತ್ತು ಕಷಾಯ ಕುಡಿದು ಮಗಳು ಮಲಗಿದ ಮೇಲೆ ರಾಲಿಗೆ ಫೋನು ಮಾಡಿದೆ. ಎತ್ತಲಾರರು ಅಂದುಕೊಂಡಿದ್ದೆ, ಎತ್ತಿದರು. "ಬೇಬಿ, ಇನ್ನೂ ಮೆಣಸಿನಕಾಯಿ ಸುಡ್ತಾ ಇದೀಯಾ?" ಅಂದರು. ಧ್ವನಿ ಇನ್ನಷ್ಟು ಒರಟಾಗಿತ್ತು. ನಾನು ಕ್ಷಮೆ ಕೇಳಲು ಶುರುಮಾಡಿದೆ. ಸಂಘ, ಅಂಕಲ್, ಕೆಂಪು ರಟ್ಟು, ನಾಲ್ಕು ಪುಟ ಎಂದು ಹೇಳುತ್ತ ಹೇಳುತ್ತ ಹತ್ತು ನಿಮಿಷವಾಯಿತು. ಅವರು ಹೂಂಗುಡುತ್ತಿದ್ದರು. ಅಲ್ಲೂ ನಾನು ಭಾಷಣವೇ ಮಾಡುತ್ತಿದ್ದೇನೆ ಎಂದು ಹೊಳೆದು, ನನ್ನ ಮೇಲೆ ನನಗೇ ರೇಗಿ, ಅರ್ಧಕ್ಕೆ ನಿಲ್ಲಿಸಿದೆ.

"ಮಿಸ್ ಅರ್ಲೀನ್, ರೆಕಾರ್ಡ್ ಬಿಟ್ರೆ ನಿಮ್ಮ ಹಾಡು ನಾನು ಕೇಳೇ ಇಲ್ಲ. ಈಗ ಹಾಡ್ತೀರಾ?"

ಆ ಕಡೆ ಕುರ್ಚಿ ಎಳೆದದ್ದು ಕೇಳಿಸಿತು. ಬಾಯಿ ಮುಚ್ಚಿ ಗುಂಯ್‌ಗುಟ್ಟಿದ್ದು ಕೇಳಿಸಿತು, ಮೊದಲು ಕೆಳಗೆ, ಆಮೇಲೆ ಸ್ವಲ್ಪ ಮೇಲೆ.

"ಎಷ್ಟು ಹೊತ್ತಿದೆ ನಂಗೆ?" ಅಂದರು.

ಇಡೀ ದಿನ ಇದೆ ಎನ್ನಲು ಬಾಯಿ ತೆರೆದೆ. ಅಷ್ಟು ಹೇಳುವುದೂ ಅವರ ಹೊತ್ತಿನಲ್ಲೇ ಹೋಗುತ್ತದೆ ಅನ್ನಿಸಿ ಮುಚ್ಚಿಕೊಂಡೆ.