ಹಲ್ಲಿಲ್ಲದ ಮಂತ್ರಿಯ ಕನ್ನಡಕ

ಅವಳ ಕಸುಬು ಹಲ್ಲು ಕಟ್ಟುವುದು. ಬಾಯಿಯೊಳಗೆ ಕೈ ಹಾಕುವವರು ವೈದ್ಯರು. ಅವರು ಕಳಿಸಿದ ಅಚ್ಚಿನ ಮೇಲೆ ಮೇಣದ ಒಸಡು ಕೂರಿಸಿ, ಒಂದೊಂದೇ ಹಲ್ಲು ನೆಟ್ಟು, ಅರದಿಂದ ಉಜ್ಜಿ, ಡಬ್ಬಿಗೆ ಹಾಕಿ ಕಳಿಸುವವಳು ಇವಳು. ಇಪ್ಪತ್ತೆಂಟು ವರ್ಷದಲ್ಲಿ ಸಾವಿರಾರು ಬಾಯಿ ತುಂಬಿಸಿದ್ದಾಳೆ, ಒಂದರ ಮುಖವನ್ನೂ ನೋಡಿಲ್ಲ. ನೋಡಬೇಕೆಂದು ಅನಿಸಿಯೂ ಇಲ್ಲ. ಐವತ್ತೊಂದರ ವಯಸ್ಸಿನಲ್ಲಿ ಹೊಸ ಮುಖಗಳ ಮೇಲೆ ಅಂಥ ಆಸೆ ಉಳಿದಿರುವುದಿಲ್ಲ.

ಮನೆಯ ಕೆಳಗಿನ ಕೋಣೆ ಅವಳ ಕೆಲಸದ ಜಾಗ. ಮೇಲೆ ಅಣ್ಣ, ಅತ್ತಿಗೆ. ಮೇಜಿನ ಒಂದು ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಫೋನು ದಿನವಿಡೀ ಮಿಣುಕುತ್ತಿರುತ್ತದೆ. ಅದು ಅವಳ ಎರಡನೆಯ ಕೆಲಸ, ಸಂಬಳವಿಲ್ಲದ್ದು.

ಜಪಾನಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಂತುಕಂತಾಗಿ ಬರುತ್ತಿರುವ ಒಂದು ಮಾಂಗಾ, ಅಂದರೆ ಅಲ್ಲಿಯ ಚಿತ್ರಕಥೆ, ಇದೆ. ಒಂದು ಊರಿನವರು ನದಿಗೆ ಸೇತುವೆ ಕಟ್ಟುವ ಕಥೆ. ಇಷ್ಟು ವರ್ಷವಾದರೂ ಸೇತುವೆ ನಡುನೀರಿಗೆ ಬಂದಿಲ್ಲ. ಒಂದು ಕಂತಿನಲ್ಲಿ ಕಂಬ ನಿಂತರೆ ಮೂರು ಕಂತುಗಳಲ್ಲಿ ಅದು ಬೀಳುತ್ತದೆ. ನಡುನಡುವೆ ಚಿತ್ರ ಬರೆಯುವವರಿಗೆ ಬೆನ್ನುನೋವು, ಎರಡು ತಿಂಗಳು ಬಿಡುವು. ಸೇತುವೆಗೆ ಅಡ್ಡಗಾಲು ಹಾಕುವವನು ಹಲ್ಲಿಲ್ಲದ ಒಬ್ಬ ಮುದಿ ಮಂತ್ರಿ. ಈ ಮಾಂಗಾ ಓದುವವರಿಗಾಗಿ ಇಂಟರ್ನೆಟ್ಟಿನಲ್ಲಿ ಒಂದು ಗುಂಪಿದೆ, ಒಂಬತ್ತು ಸಾವಿರ ಜನ. ಅದರ ಕಾವಲು ಇವಳದು. ಹಿಂದಿನ ಕಾವಲುಗಾರ, ಇನ್ನು ನನ್ನ ಕೈಲಾಗದು ಎಂದು ಬರೆದು ಮಾಯವಾದಾಗ, ಬೇಡ ಎನ್ನಲು ಒಂದು ಗಳಿಗೆ ತಡ ಮಾಡಿದ್ದೇ ಇವಳ ತಪ್ಪು. ಅದಕ್ಕೆ ಹನ್ನೊಂದು ವರ್ಷವಾಯಿತು.

ಕಥೆಯ ಬಗ್ಗೆ ಅವಳ ಅಭಿಪ್ರಾಯ ಚಿಕ್ಕದು: ಹತ್ತು ವರ್ಷ ಮೊದಲೇ ಮುಗಿಯಬೇಕಿತ್ತು. ಈಗ ಯಾರೂ ಚೆನ್ನಾಗಿದೆಯೇ ಎಂದು ಕೇಳಿಕೊಂಡು ಓದುತ್ತಿಲ್ಲ. ಇಷ್ಟು ದೂರ ಬಂದಿದ್ದೇವಲ್ಲ, ಬಿಡುವುದು ಹೇಗೆ ಎಂದು ಓದುತ್ತಾರೆ. ಆದರೂ ಮಂತ್ರಿಯ ಕೆನ್ನೆಯ ವಿಷಯದಲ್ಲಿ ಅವಳು ಚಿತ್ರಕಾರರಿಗೆ ತಲೆಬಾಗುತ್ತಾಳೆ. ಹಲ್ಲು ಹೋದ ಬಾಯಿ ಒಳಕ್ಕೆ ಹೇಗೆ ಕುಸಿಯುತ್ತದೆ, ಗದ್ದ ಮೂಗಿನ ಕಡೆಗೆ ಎಷ್ಟು ಏರುತ್ತದೆ, ಒಂದು ಗೆರೆಯೂ ತಪ್ಪಿಲ್ಲ.

ಗುಂಪಿನ ಕಟ್ಟಳೆಗಳು ಎರಡೇ. ಹೊಸ ಕಂತು ಬಂದ ದಿನ ಯಾರೂ ಅದರ ಬಗ್ಗೆ ತುಟಿ ಬಿಚ್ಚಬಾರದು. ದುಡಿಯುವವರು ಮನೆಗೆ ಹೋಗಿ ಓದಿಕೊಳ್ಳಲಿ. ಎರಡನೆಯದು, ನಮ್ಮೂರಿನ ರಾಜಕೀಯ ತರಬಾರದು. ಮೂರು ಸಲ ಎಚ್ಚರಿಕೆ, ನಾಲ್ಕನೆಯದಕ್ಕೆ ಹೊರಗೆ.

ಈ ಎರಡನೆಯ ಕಟ್ಟಳೆಯನ್ನು ಎಲ್ಲರಿಗಿಂತ ಹೆಚ್ಚು ಮುರಿದವನು ಅವಳ ಅಣ್ಣ.

ಅಣ್ಣ ಬೋರ್ಡು ಬರೆಯುತ್ತಿದ್ದವನು. ಅಂಗಡಿ, ಬಸ್ಸು, ಆಸ್ಪತ್ರೆ, ಯಾವುದಕ್ಕಾದರೂ ಹೆಸರು ಬೇಕಿದ್ದರೆ ಅವನ ಕುಂಚ. ಆಮೇಲೆ ಬ್ಯಾನರ್ ಮುದ್ರಿಸುವ ಯಂತ್ರ ಬಂತು. ಹದಿನೈದು ವರ್ಷ ಶಾಲೆಯ ವ್ಯಾನು ಓಡಿಸಿ, ಮಂಡಿ ಹಿಡಿದ ಮೇಲೆ ಮನೆಯಲ್ಲಿ ಕೂತ. ತಂಗಿಗೆ ಒಂಬತ್ತು ವರ್ಷವಿದ್ದಾಗ ಚಿತ್ರಕಥೆ ಓದುವುದನ್ನು ಕಲಿಸಿದವನು ಅವನೇ. ಗುಂಪಿನಲ್ಲಿ ಅವನ ಹೆಸರು ‘ಒಣಕುಂಚ’. ಅವರಿಬ್ಬರೂ ಅಣ್ಣತಂಗಿ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಕೂತ ಮೇಲೆ ಅವನಿಗೆ ಎಲ್ಲದರಲ್ಲೂ ರಾಜಕೀಯ ಕಾಣತೊಡಗಿತು. ಜಪಾನಿನ ನದಿಯಲ್ಲಿ ಕಂಬ ಬಿದ್ದರೂ ಅದಕ್ಕೆ ನಮ್ಮ ಲೋಕೋಪಯೋಗಿ ಮಂತ್ರಿಯೇ ಕಾರಣ. ಮೂರು ಎಚ್ಚರಿಕೆಗಳೂ ಮುಗಿದಿದ್ದವು.

ತಂಗಿಗೆ ಯಾವ ಪಕ್ಷವೂ ಇಲ್ಲ. “ಎರಡು ಕಡೆಯವರೂ ಐದು ವರ್ಷಕ್ಕೊಂದು ಸಲ ಅಕ್ಕಾ ಅಂತ ಬರ್ತಾರೆ. ಮಿಕ್ಕ ದಿನ ನಾನು ಯಾರಿಗೂ ಅಕ್ಕ ಅಲ್ಲ” ಎನ್ನುತ್ತಾಳೆ.

ಚುನಾವಣೆಗೆ ಮೂರು ವಾರ ಇದ್ದಾಗ ಒಂದು ಮಂಗಳವಾರ ಹೊಸ ಕಂತು ಬಂತು. ಗುಂಪು ಬಾಯಿ ಮುಚ್ಚಿಕೊಂಡಿರಬೇಕಾದ ಆ ದಿನ ಮಧ್ಯಾಹ್ನ ಒಣಕುಂಚ ಒಂದು ಪುಟ ಹಾಕಿದ. ಹಲ್ಲಿಲ್ಲದ ಮಂತ್ರಿ ಬಿದ್ದ ಕಂಬದ ಮೇಲೆ ಕೂತು ನಗುತ್ತಿದ್ದಾನೆ. ಮೂಗಿನ ಮೇಲೆ ನಮ್ಮ ಲೋಕೋಪಯೋಗಿ ಮಂತ್ರಿಯ ದಪ್ಪ ಚೌಕಟ್ಟಿನ ಕನ್ನಡಕ, ಎಡಗೆನ್ನೆಯಲ್ಲಿ ಅವರದೇ ಮಚ್ಚೆ.

ಅಣ್ಣ ತಮಾಷೆಗೆ ಬರೆದದ್ದು. ಮಾಡಿದ ತಪ್ಪೆಂದರೆ ಚೆನ್ನಾಗಿ ಬರೆದದ್ದು. ಮಸಿಯ ಗೆರೆ, ನೀರಿನ ನೆರಳು, ಪುಟದ ಅಂಚು, ಎಲ್ಲವೂ ಅಸಲಿಯಂತೆ. ಅವಳು ಮೇಣದ ಕೈ ಒರೆಸಿಕೊಂಡು ಅದನ್ನು ಕಿತ್ತುಹಾಕುವಷ್ಟರಲ್ಲಿ ಯಾರೋ ನಕಲು ತೆಗೆದು ಹೊರಗೆ ಹಂಚಿದ್ದರು. ಸಂಜೆಗೆ ಅದು ಊರೆಲ್ಲಾ ಹರಡಿತ್ತು. ಜಪಾನಿನವನು ನಮ್ಮ ನಾಯಕರನ್ನು ಅವಮಾನಿಸಿದ್ದಾನೆ ಎಂದು ಒಂದು ಕಡೆಯವರು ಕೆರಳಿದರು. ಜಪಾನಿಗೂ ಇವರ ಬಂಡವಾಳ ಗೊತ್ತಾಗಿದೆ ನೋಡಿ ಎಂದು ಇನ್ನೊಂದು ಕಡೆಯವರು ಕುಣಿದರು. ಆ ಮಾಂಗಾದ ಒಂದು ಪುಟವನ್ನಾದರೂ ಓದಿದವರು ಎರಡು ಕಡೆಯಲ್ಲೂ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಓದುವುದು ಹಂಚುವವರ ಕೆಲಸವಲ್ಲ ಎಂದು ಅವಳಿಗೆ ಹನ್ನೊಂದು ವರ್ಷದಲ್ಲಿ ಮನವರಿಕೆಯಾಗಿತ್ತು. ಆಶ್ಚರ್ಯಪಡುವ ಶಕ್ತಿಯೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಗುಂಪಿಗೆ ಜಾಗ ಕೊಟ್ಟ ಕಂಪನಿಯ ಪತ್ರ ಬಂತು: ಮುನ್ನೂರು ದೂರುಗಳು ಬಂದಿವೆ, ಎರಡು ದಿನದೊಳಗೆ ವಿವರಣೆ ಕೊಟ್ಟು ಕ್ರಮ ತೆಗೆದುಕೊಳ್ಳದಿದ್ದರೆ ಗುಂಪನ್ನು ಅಳಿಸಲಾಗುವುದು. ಅಳಿಸಿಹೋಗುವುದು ಹನ್ನೊಂದು ವರ್ಷಕ್ಕೂ ಹೆಚ್ಚಿನ ಮಾತುಕತೆ. ಮುಕ್ಕಾಲು ಪಾಲು ಕಸ ನಿಜ, ಆದರೆ ಉಳಿದ ಕಾಲು ಪಾಲು ಬೇರೆಲ್ಲೂ ಇರಲಿಲ್ಲ.

ಜೊತೆ ಕಾವಲಿನವಳು ಒಬ್ಬ ನರ್ಸು. ಮುಖ ಕಂಡಿದ್ದಿಲ್ಲ, ದನಿ ಮಾತ್ರ ಪರಿಚಯ. ಅವಳ ಫೋನು ಬಂತು. “ಅಕ್ಕಾ, ಆ ಒಣಕುಂಚದವನನ್ನ ಇವತ್ತೇ ಆಚೆ ಹಾಕಿ. ಯಾರು ಅಂತ ಹೆಸರೂ ಹಾಕಿಬಿಡಿ. ಅವನಿಗೋಸ್ಕರ ನಾವ್ಯಾಕೆ ಬೈಸ್ಕೋಬೇಕು?”

“ಆಚೆ ಹಾಕ್ತೀನಿ. ಹೆಸರು ಬೇಡ.”

“ಯಾಕೆ, ನಿಮಗೆ ಗೊತ್ತಿರೋರಾ?”

“ಗೊತ್ತು. ಹೆಸರು ಬೇಡ ಅಂದ್ನಲ್ಲ” ಎಂದು ಫೋನು ಇಟ್ಟು ಮೇಲೆ ಹೋದಳು.

ಅಣ್ಣ ಕಿಟಕಿಯ ಹತ್ತಿರ ಕೂತಿದ್ದ. ಹೆಂಡತಿಯ ಫೋನನ್ನೂ ಕಿತ್ತುಕೊಂಡು ಎರಡು ಕೈಯಲ್ಲಿ ಎರಡು ಹಿಡಿದಿದ್ದ. ಮುಖದಲ್ಲಿ ಅವಳು ಬಹಳ ವರ್ಷಗಳಿಂದ ಕಾಣದ ಕಳೆ.

“ನೋಡಿದ್ಯಾ ಮರಿ? ಆರು ಲಕ್ಷ ಜನ ನೋಡಿದಾರೆ. ನನ್ನ ಬೋರ್ಡನ್ನ ಆರು ಲಕ್ಷ ಜನ ತಲೆ ಎತ್ತಿ ನೋಡಿದ್ರಾ ಯಾವತ್ತಾದ್ರೂ?”

“ಗುಂಪು ಮುಚ್ಚಿಹೋಗುತ್ತೆ ಅಣ್ಣ.”

“ನಾನೇ ಬರೆದಿದ್ದು ಅಂತ ಹೇಳಿಬಿಡೋಣ, ಮುಗೀತಲ್ಲ. ಜಪಾನಿನೋರ ತಪ್ಪಿಲ್ಲ, ನಿನ್ನ ಗುಂಪಿನ ತಪ್ಪಿಲ್ಲ. ನನ್ನ ಹೆಸರು, ವಿಳಾಸ, ಎಲ್ಲಾ ಹಾಕು.”

ಅತ್ತಿಗೆ ಬಟ್ಟೆ ಮಡಿಸುತ್ತಿದ್ದವರು ತಲೆ ಎತ್ತದೆ ಹೇಳಿದರು: “ವಿಳಾಸ ಹಾಕುವಾಗ ಮೆಟ್ಟಿಲು ಎಡಗಡೆ ಅಂತಾನೂ ಹಾಕಿ. ಕಲ್ಲು ಹೊಡೆಯೋಕೆ ಬಂದೋರು ಪಾಪ ಹುಡುಕೋ ಹಾಗಾಗಬಾರದು.”

“ನೀನು ಸುಮ್ಮನಿರೇ. ಗೆರೆ ಅಂದ್ರೆ ಏನು ಗೊತ್ತು ನಿಂಗೆ?”

“ಗೊತ್ತಿಲ್ಲಪ್ಪ. ಕಿಟಕಿಗೆ ಗಾಜು ಹಾಕಿಸೋದು ಗೊತ್ತು.”

ತಂಗಿ ಬಾಗಿಲಿಗೆ ಒರಗಿ ನಿಂತಳು. ಹೆಸರು ಹಾಕಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹೋದ ಚುನಾವಣೆಯಲ್ಲಿ ಒಂದು ಹಾಸ್ಯದ ಸಾಲು ಬರೆದ ಔಷಧಿ ಅಂಗಡಿಯವನು ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ಹೆಸರು ಹಾಕದಿದ್ದರೆ ಏನಾಗುತ್ತದೆಂಬುದೂ ಎದುರಿಗೇ ಕೂತಿತ್ತು.

“ನಾಲ್ಕನೇ ಸಲ ಅಣ್ಣ. ಗುಂಪಿಂದ ತೆಗೀತಾ ಇದೀನಿ. ಯಾರೋ ಒಬ್ಬ ಸದಸ್ಯ ಬರೆದದ್ದು ಅಂತ ಹಾಕ್ತೀನಿ. ಹೆಸರು ಹಾಕಲ್ಲ.”

ಅವನು ಎರಡೂ ಫೋನುಗಳನ್ನು ತೊಡೆಯ ಮೇಲಿಟ್ಟ. “ಯಾರೋ ಒಬ್ಬ” ಎಂದ. “ಇಪ್ಪತ್ತೈದು ವರ್ಷ ಊರಿನೋರಿಗೆಲ್ಲಾ ಹೆಸರು ಬರೆದುಕೊಟ್ಟೆ. ಮೂಲೆಯಲ್ಲಿ ನನ್ನದೊಂದು ಬರೆಯೋಕೆ ಒಬ್ಬನೂ ಬಿಡಲಿಲ್ಲ. ನೀನೂ ಅವರ ಸಾಲಿಗೇ ಸೇರಿಬಿಟ್ಯಲ್ಲ.”

ಅವಳು ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳಿದರೆ ಹೆಸರು ಹಾಕಲು ಅವನು ತನ್ನನ್ನು ಒಪ್ಪಿಸಿಬಿಡುತ್ತಾನೆಂಬ ಭಯವಿತ್ತು. ಕೆಳಗೆ ಬಂದು, ನಿಂತುಕೊಂಡೇ ಮೂರು ಸಾಲು ಬರೆದಳು: ಈ ಪುಟ ಅಸಲಿ ಮಾಂಗಾದ್ದಲ್ಲ. ನಮ್ಮ ಸದಸ್ಯರೊಬ್ಬರು ಬರೆದದ್ದು. ಕಟ್ಟಳೆಯ ಪ್ರಕಾರ ಅವರನ್ನು ತೆಗೆದಿದ್ದೇವೆ. ಆಮೇಲೆ ಒಣಕುಂಚದ ಹೆಸರಿನ ಮೇಲೆ ಬೆರಳೊತ್ತಿದಳು. ಹನ್ನೊಂದು ವರ್ಷದಲ್ಲಿ ನೂರಾರು ಜನರನ್ನು ತೆಗೆದ ಬೆರಳು ಅದು. ಖಚಿತವೇ ಎಂದು ಫೋನು ಕೇಳಿತು. ಹೌದು ಎಂದಳು.

ಗುಂಪು ಉಳಿಯಿತು. ಜನ ಮಾತ್ರ ನಂಬಲಿಲ್ಲ. ಉತ್ತರಗಳು ಇರುವೆ ಸಾಲಿನಂತೆ ಬಂದವು. ‘ಹೆದರಿಕೊಂಡು ಸುಳ್ಳು ಹೇಳಬೇಡಿ.’ ‘ಇಂಥ ಗೆರೆ ನಮ್ಮಲ್ಲಿ ಯಾರಿಗೆ ಬರುತ್ತೆ? ಇದು ಅವರದೇ ಕೈ.’ ಮತ್ತೊಬ್ಬ, ಮೊದಲಿನಿಂದ ಪ್ರತಿ ಕಂತನ್ನೂ ಜರಡಿ ಹಿಡಿಯುವ ಆಸಾಮಿ, ನೀರಿನ ನೆರಳನ್ನು ದೊಡ್ಡದು ಮಾಡಿ ತೋರಿಸಿ, ‘ಇದು ನಕಲಿಯಾದರೆ ನಾನು ಇವತ್ತೇ ಓದುವುದು ಬಿಡುತ್ತೇನೆ’ ಎಂದು ಬರೆದಿದ್ದ. ಅವನು ಬಿಟ್ಟರೆ ಎಲ್ಲರಿಗೂ ಆರಾಮ ಎಂದುಕೊಂಡಳು.

ಶುಕ್ರವಾರ ಮಧ್ಯಾಹ್ನ ಅಣ್ಣ ಮೆಟ್ಟಿಲಿಳಿದು ಬಂದ. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಬಂದದ್ದು ಕೇಳಿಸುತ್ತಿತ್ತು. ಗುಂಪಿನ ಬಾಗಿಲು ಮುಚ್ಚಿದ್ದರಿಂದ ಅವನಿಗೆ ಓದುವುದಕ್ಕೆ ಉಳಿದದ್ದು ತಂಗಿಯ ಫೋನು ಒಂದೇ. ಕೇಳದೆಯೇ ಅದನ್ನು ಎತ್ತಿಕೊಂಡು, ಸ್ಟೂಲು ಎಳೆದು ಕೂತು, ಮೊದಲಿನಿಂದ ಕೊನೆಯವರೆಗೆ ಓದಿದ. ಜರಡಿಯವನ ಮಾತನ್ನು ಎರಡು ಸಲ ಓದಿದ. ಅವಳು ಮೇಲ್ದವಡೆಯ ಬಾಚಿಹಲ್ಲು ಕೂರಿಸುತ್ತಿದ್ದಳು.

“ನಾನು ಅಂತ ಒಬ್ಬನೂ ನಂಬಲ್ಲ” ಎಂದ. ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ.

“ಹೂಂ.”

“ಆದ್ರೆ ಮಂತ್ರಿಯ ಎಡಗೈ ಕೆಟ್ಟಿತ್ತು. ಹೆಬ್ಬೆರಳು ದಪ್ಪ ಆಗೋಯ್ತು.”

“ನೋಡಿದೆ. ಮಂಗಳವಾರವೇ ನೋಡಿದೆ. ಗೆಣಸಿನ ಹಾಗಿತ್ತು.”

“ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಸರಿಮಾಡಿ ಇನ್ನೊಂದು ಸಲ ಹಾಕ್ತಿದ್ದೆ.”

ಅವನು ಹೊಸ ಕಂತಿನ ಏಳನೇ ಪುಟ ತೆಗೆದು, ಫೋನನ್ನು ಅವಳ ಕಣ್ಣಿನ ಹತ್ತಿರ ಹಿಡಿದ. “ಇದನ್ನ ನೋಡು. ಇಲ್ಲಿ ಕಂಬ ಬೀಳೋಕೆ ಕಾರಣವೇ ಇಲ್ಲ. ಕಂಟ್ರಾಕ್ಟು ಯಾರಿಗೆ ಕೊಟ್ಟಿದ್ರು ಅಂತ ಮೊದಲು ಕೇಳಬೇಕು. ನಮ್ಮಲ್ಲೂ ಹೀಗೇ ಅಲ್ವಾ...”

ಸಂಜೆಯೊಳಗೆ ಆರು ಬಾಯಿ ಮುಗಿಸಬೇಕಿತ್ತು. ಇವನನ್ನು ತೆಗೆಯಲು ಇಲ್ಲಿ ಯಾವ ಗುಂಡಿಯೂ ಇರಲಿಲ್ಲ. ಕನ್ನಡಕವನ್ನು ಮೇಲೆ ತಳ್ಳಿಕೊಂಡು, “ಫೋನು ಸ್ವಲ್ಪ ಹಿಂದಕ್ಕೆ ಹಿಡಿ ಅಣ್ಣ, ಮೇಣಕ್ಕೆ ತಗಲುತ್ತೆ” ಎಂದಳು.